ತಲೆ ಯಾವ ಕಡೆ, ಬಾಲ ಯಾವ ಕಡೆ?

ಜೂನ್ ತಿಂಗಳಲ್ಲಿ ಮೊದಲ ಜೋರು ಮಳೆ ಬಿದ್ದ ರಾತ್ರಿ ಭದ್ರಾವತಿಯ ನ್ಯೂಟೌನಿನಲ್ಲಿ ನಿದ್ದೆ ಬರುವುದು ಕಷ್ಟ. ಕ್ವಾರ್ಟರ್ಸ್ ಹಿಂದಿನ ತಗ್ಗು, ಮೈದಾನದ ಅಂಚು, ಚರಂಡಿ ಪಕ್ಕದ ಗುಂಡಿ, ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಗಂಡು ಕಪ್ಪೆಗಳು ಗಂಟಲು ಉಬ್ಬಿಸಿಕೊಂಡು ವಟಗುಟ್ಟುತ್ತಿರುತ್ತವೆ. ಬೆಳಗಾದ ಮೇಲೆ ಹೋಗಿ ನೋಡಿ. ನೀರೊಳಗೆ, ಹುಲ್ಲಿನ ಬುಡದಲ್ಲಿ, ಲೋಳೆಯ ಉದ್ದನೆಯ ಎಳೆಗಳು ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ. ಎಳೆಯೊಳಗೆ ಸಾಲಾಗಿ ಕಪ್ಪು ಚುಕ್ಕೆಗಳು. ನೆಲಗಪ್ಪೆಯ ಮೊಟ್ಟೆಗಳವು. ಒಂದೊಂದೂ ಸಾಸಿವೆ ಕಾಳಿಗಿಂತ ಹೆಚ್ಚು ದೊಡ್ಡದಿಲ್ಲ.

ಹತ್ತಿರ ಬಗ್ಗಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡಿ. ಚುಕ್ಕೆ ಪೂರ್ತಿ ಕಪ್ಪಗಿಲ್ಲ. ಮೇಲ್ಭಾಗ ಕಪ್ಪು, ಅಡಿಭಾಗ ಮಾಸಲು. ಅಡಿಭಾಗದಲ್ಲಿ ಮರಿಗೆ ಬೇಕಾದ ಬುತ್ತಿ, ಅಂದರೆ ಭಂಡಾರ ತುಂಬಿದೆ, ಅದು ಭಾರ. ಎಳೆಯನ್ನು ಒಂದು ಕಡ್ಡಿಯಿಂದ ಮೆಲ್ಲಗೆ ಮಗುಚಿ ಸ್ವಲ್ಪ ಹೊತ್ತು ಕಾದರೆ, ಚುಕ್ಕೆಗಳು ಲೋಳೆಯೊಳಗೇ ಹೊರಳಿಕೊಂಡು ಮತ್ತೆ ಕಪ್ಪು ಮೇಲೆ ಮಾಡಿಕೊಳ್ಳುತ್ತವೆ. ಇದನ್ನು ನೋಡಲು ಯಾವ ಪ್ರಯೋಗಾಲಯವೂ ಬೇಡ, ತಾಳ್ಮೆ ಇದ್ದರೆ ಸಾಕು.

ಹೀಗೆ ನೋಡುತ್ತಿದ್ದಾಗ ನ್ಯೂಟೌನಿನ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಇದು ಎಲ್ಲಾ ಕಡೆ ಗುಂಡಗೇ ಇದೆಯಲ್ಲ. ತಲೆ ಯಾವ ಕಡೆ ಬರಬೇಕು, ಬಾಲ ಯಾವ ಕಡೆ ಬರಬೇಕು ಅಂತ ಇದಕ್ಕೆ ಯಾರು ಹೇಳ್ತಾರೆ?"

ದೊಡ್ಡವರು ಸಾಮಾನ್ಯವಾಗಿ ಕೇಳದ ಪ್ರಶ್ನೆ. ಕೇಳಿದವರಲ್ಲಿ ಕೆಲವರಿಗೆ ನೊಬೆಲ್ ಬಹುಮಾನ ಬಂದಿದೆ.

ಮೊದಲ ಉತ್ತರ ಬಹಳ ಸರಳ. ಮೊಟ್ಟೆಯ ಕಪ್ಪು ಭಾಗದಲ್ಲಿ ಯಾವುದೋ ಒಂದು ಜಾಗದಿಂದ ಅಪ್ಪ ಕಪ್ಪೆಯ ವೀರ್ಯಾಣು ಒಳಗೆ ಹೋಗಿರುತ್ತದೆ. ಅದು ಎಡಗಡೆಯಿಂದ ಹೋಯಿತೋ ಬಲಗಡೆಯಿಂದಲೋ ಎನ್ನುವುದು ಆಕಸ್ಮಿಕ. ಆದರೆ ಅದು ಹೊಕ್ಕ ಮೇಲೆ ಮೊಟ್ಟೆಯ ಹೊರಪದರ ಒಳಗಿನ ದ್ರವ್ಯದ ಮೇಲೆ ಸುಮಾರು 30 ಡಿಗ್ರಿಯಷ್ಟು ಜಾರುತ್ತದೆ. ಜಾರುವಾಗ ಅಡಿಭಾಗದಲ್ಲಿ ಅಮ್ಮ ಕಪ್ಪೆ ಇಟ್ಟು ಕಳಿಸಿದ್ದ ಕೆಲವು ಪ್ರೋಟೀನುಗಳು ಒಂದು ಪಕ್ಕಕ್ಕೆ ಬಂದು ಸೇರುತ್ತವೆ. ವೀರ್ಯಾಣು ಹೊಕ್ಕ ಜಾಗಕ್ಕೆ ಎದುರುಗಡೆ ಯಾವುದಿದೆಯೋ ಅದೇ ಮುಂದೆ ಬೆನ್ನಾಗುವ ಪಕ್ಕ. ಬೆನ್ನು ಗೊತ್ತಾದರೆ ಹೊಟ್ಟೆಯೂ ಗೊತ್ತಾಯಿತು. ಇಷ್ಟೂ ಆಗುವ ಹೊತ್ತಿಗೆ ಮೊಟ್ಟೆ ಇನ್ನೂ ಒಡೆದು ಎರಡು ಜೀವಕೋಶ ಸಹ ಆಗಿರುವುದಿಲ್ಲ.

ಆಮೇಲೆ ಶುರುವಾಗುತ್ತದೆ ವಿಭಜನೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಎಂಟಾಗಿ, ಸಂಜೆಯ ಹೊತ್ತಿಗೆ ಎಣಿಸಲಾಗದಷ್ಟು. ಇಲ್ಲೊಂದು ತೊಡಕಿದೆ. ಪ್ರತಿ ಸಲ ಒಡೆಯುವಾಗಲೂ ಜೀವಕೋಶ ತನ್ನ ವಂಶವಾಹಿಗಳ, ಅಂದರೆ ಜೀನ್‌ಗಳ, ಪೂರ್ತಿ ಪ್ರತಿ ಮಾಡಿ ಎರಡೂ ಮಕ್ಕಳಿಗೆ ಕೊಡುತ್ತದೆ. ಮುಂದೆ ಕಣ್ಣಾಗುವ ಕೋಶದ ಹತ್ತಿರವೂ ಅದೇ ಜೀನ್‌ಗಳು, ಕರುಳಾಗುವ ಕೋಶದ ಹತ್ತಿರವೂ ಅದೇ ಜೀನ್‌ಗಳು. ನಿಮ್ಮ ಮೈಯಲ್ಲೂ ಹಾಗೆಯೇ. ಮನುಷ್ಯನಿಗೆ ಸುಮಾರು 20,000 ಜೀನ್‌ಗಳಿವೆ. ಮೂಗಿನ ಚರ್ಮದ ಕೋಶದಲ್ಲಿ ಎಷ್ಟಿವೆಯೋ ಹೃದಯದ ಕೋಶದಲ್ಲೂ ಅಷ್ಟೇ. ಹಾಗಿದ್ದರೆ ಒಂದು ಕೋಶ ಚರ್ಮವಾಗುವುದು, ಇನ್ನೊಂದು ಮಿದುಳಾಗುವುದು ಹೇಗೆ?

ಇದಕ್ಕೆ ಉತ್ತರದ ಬಾಗಿಲು ತೆರೆದವಳು ಜರ್ಮನಿಯ ಫ್ರೈಬರ್ಗ್ ಊರಿನ ಒಬ್ಬ ವಿದ್ಯಾರ್ಥಿನಿ. ಹೆಸರು ಹಿಲ್ಡೆ ಮ್ಯಾಂಗೋಲ್ಡ್. ಪ್ರಾಧ್ಯಾಪಕ ಹಾನ್ಸ್ ಸ್ಪೆಮನ್ ಅವರ ಬಳಿ ಸಂಶೋಧನೆಗೆ ಸೇರಿದ್ದಳು. ಅವಳು ಕೆಲಸ ಮಾಡಿದ್ದು ನ್ಯೂಟ್ ಎಂಬ ಪ್ರಾಣಿಯ ಭ್ರೂಣಗಳ ಮೇಲೆ. ಕಪ್ಪೆಯ ದಾಯಾದಿ ಅದು, ದೊಡ್ಡದಾದ ಮೇಲೂ ಬಾಲ ಇಟ್ಟುಕೊಂಡೇ ಇರುತ್ತದೆ. ಸೂಜಿಯಷ್ಟು ಸಣ್ಣಗೆ ಎಳೆದ ಗಾಜಿನ ಕಡ್ಡಿ, ಕೂದಲೆಳೆಯ ಕುಣಿಕೆ, ಇಷ್ಟೇ ಅವಳ ಸಾಮಾನು. ಮಾಸಲು ಬಣ್ಣದ ನ್ಯೂಟ್ ಭ್ರೂಣದಲ್ಲಿ ಬೆನ್ನಿನ ಪಕ್ಕದ ಒಂದು ಚೂರನ್ನು ಬಿಡಿಸಿ, ಗಾಢ ಬಣ್ಣದ ಇನ್ನೊಂದು ಜಾತಿಯ ಭ್ರೂಣದ ಹೊಟ್ಟೆಯ ಪಕ್ಕಕ್ಕೆ ಕೂರಿಸಿದಳು. ಎರಡು ಬಣ್ಣ ಯಾಕೆ ಅಂದರೆ, ಕೊನೆಗೆ ಯಾವ ಕೋಶ ಯಾರ ಮನೆಯದು ಎಂದು ಕಂಡುಹಿಡಿಯಬೇಕಲ್ಲ.

ಬಹಳಷ್ಟು ಭ್ರೂಣಗಳು ಉಳಿಯಲಿಲ್ಲ. ಉಳಿದ ಕೆಲವನ್ನು ಕಂಡು ಗುರು ಶಿಷ್ಯೆ ಇಬ್ಬರೂ ಬೆರಗಾದರು. ಹೊಟ್ಟೆಗೆ ಹೊಟ್ಟೆ ಅಂಟಿದ ಎರಡು ಭ್ರೂಣಗಳು! ಕೂರಿಸಿದ ಚೂರಿನ ಜಾಗದಲ್ಲಿ ಇನ್ನೊಂದು ಬೆನ್ನು, ಇನ್ನೊಂದು ನರಹುರಿ ಎದ್ದಿತ್ತು. ಆ ಎರಡನೇ ಮೈಯ ಬಣ್ಣ ನೋಡಿದರೆ, ಅದರ ನರಮಂಡಲದ ಹೆಚ್ಚಿನ ಕೋಶಗಳು ಗಾಢ ಬಣ್ಣದವು. ಅಂದರೆ ಹೊಟ್ಟೆಯ ಚರ್ಮವಾಗಿ ತೆಪ್ಪಗೆ ಇರಬೇಕಾಗಿದ್ದ ಆತಿಥೇಯ ಕೋಶಗಳು, ಹೊಸದಾಗಿ ಬಂದ ನೆರೆಯವರ ಮಾತು ಕೇಳಿ ಮಿದುಳಾಗಲು ಹೊರಟಿದ್ದವು. ಈ ಫಲಿತಾಂಶ 1924ರಲ್ಲಿ ಅಚ್ಚಾಯಿತು. ಅದೇ ವರ್ಷ ಮನೆಯಲ್ಲಿ ನಡೆದ ಬೆಂಕಿ ಅನಾಹುತದಲ್ಲಿ ಹಿಲ್ಡೆ ತೀರಿಕೊಂಡಳು. ಆಗ ಅವಳಿಗೆ 25 ವರ್ಷ. 1935ರಲ್ಲಿ ಸ್ಪೆಮನ್ ಅವರಿಗೆ ನೊಬೆಲ್ ಬಂತು. ಹಿಲ್ಡೆಯ ಹೆಸರನ್ನೂ ಸೇರಿಸಿಯೇ ಆ ಪುಟ್ಟ ಚೂರನ್ನು ಈಗ ವಿಜ್ಞಾನಿಗಳು ಕರೆಯುತ್ತಾರೆ. ಅಷ್ಟಾದರೂ ನ್ಯಾಯ.

ಸರಿ, ನೆರೆಯವರ ಮಾತು ಎಂದೆ. ಕೋಶಕ್ಕೆ ಬಾಯಿ ಇದೆಯೇ? ಇಲ್ಲ. ಕೋಶ ತನ್ನೊಳಗಿನ ಒಂದು ಜೀನ್ ಬಳಸಿ ಒಂದು ಪ್ರೋಟೀನ್ ತಯಾರಿಸಿ ಹೊರಕ್ಕೆ ಬಿಡುತ್ತದೆ. ಪಕ್ಕದ ಕೋಶದ ಮೈಮೇಲೆ ಅದೇ ಪ್ರೋಟೀನನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಪ್ರೋಟೀನ್ ಬಂದು ಕೂತ ಕೂಡಲೇ ಗ್ರಾಹಕದ ಆಕಾರ ಬದಲಾಗುತ್ತದೆ. ಆ ಬದಲಾವಣೆ ಕೋಶದೊಳಗೆ ಒಂದರಿಂದ ಒಂದಕ್ಕೆ ದಾಟುತ್ತಾ ಕೋಶಕೇಂದ್ರದವರೆಗೆ ಹೋಗುತ್ತದೆ. ಅಲ್ಲಿ ಕೆಲವು ಜೀನ್‌ಗಳು ಕೆಲಸ ಶುರು ಮಾಡುತ್ತವೆ, ಕೆಲವು ನಿಲ್ಲಿಸುತ್ತವೆ. ಯಾವ ಜೀನ್ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನಿದೆ ಎಂಬುದರ ಮೇಲೆ ಆ ಕೋಶ ಚರ್ಮವೋ ಸ್ನಾಯುವೋ ಮೂಳೆಯೋ ಎಂದು ತೀರ್ಮಾನ. ಹಾಗೆ ಒಂದೇ ಬಗೆಯ ಕೋಶಗಳು ಒಟ್ಟಿಗೆ ಸೇರಿದರೆ ಅದು ಅಂಗಾಂಶ.

ಹಿಲ್ಡೆಯ ಚೂರು ಯಾವ ಪ್ರೋಟೀನ್ ಬಿಟ್ಟಿತ್ತು ಎಂದು ತಿಳಿಯಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು. 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್ ಎಂಬ ಎರಡು ಪ್ರೋಟೀನುಗಳು ಕಪ್ಪೆ ಭ್ರೂಣದಲ್ಲಿ ಸಿಕ್ಕವು. ಇವೆರಡೂ 'ನೀನು ಮಿದುಳಾಗು' ಎಂದು ಹೇಳುವುದಿಲ್ಲ! ಭ್ರೂಣದ ಹೊರಪದರದ ಕೋಶಗಳಿಗೆ ಬಿಎಂಪಿ ಎಂಬ ಇನ್ನೊಂದು ಪ್ರೋಟೀನ್ 'ಚರ್ಮವಾಗು' ಎಂದು ಹೇಳುತ್ತಿರುತ್ತದೆ. ನಾಗಿನ್, ಕಾರ್ಡಿನ್ ಹೋಗಿ ಆ ಬಿಎಂಪಿಯನ್ನು ತಬ್ಬಿ ಹಿಡಿದುಕೊಳ್ಳುತ್ತವೆ. ಚರ್ಮವಾಗು ಎಂಬ ಸಂದೇಶ ತಲುಪದೆ ಹೋದ ಕೋಶಗಳು ಮಿದುಳು, ನರಹುರಿ ಆಗುತ್ತವೆ. ಚರ್ಮವಾಗಲು ಹೇಳಿಸಿಕೊಳ್ಳಬೇಕು, ಮಿದುಳಾಗಲು ಹೇಳುವವರನ್ನು ಸುಮ್ಮನಿರಿಸಿದರೆ ಸಾಕು. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು.

ಇಂಥ ಸಂದೇಶ ಪ್ರೋಟೀನುಗಳು ಎಷ್ಟಿರಬಹುದು? ಕಣ್ಣು, ಕಿವಿ, ಯಕೃತ್ತು, ಬೆರಳು, ಇಷ್ಟೆಲ್ಲ ಕಟ್ಟಬೇಕಾದರೆ ಸಾವಿರಾರು ಬಗೆ ಬೇಕಲ್ಲವೇ ಎಂದು ಅನಿಸುತ್ತದೆ. ಆದರೆ ಮುಖ್ಯವಾದ ಕುಟುಂಬಗಳು ಕೈಬೆರಳುಗಳಲ್ಲಿ ಎಣಿಸುವಷ್ಟೇ. ವಿಂಟ್, ಬಿಎಂಪಿ, ಎಫ್‌ಜಿಎಫ್, ಹೆಜ್‌ಹಾಗ್. ಅವನ್ನೇ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜಾಗದಲ್ಲಿ ಭ್ರೂಣ ಮತ್ತೆ ಮತ್ತೆ ಬಳಸುತ್ತದೆ. ಕಪ್ಪೆಯಲ್ಲೂ ಅವೇ, ಕೋಳಿಯಲ್ಲೂ ಅವೇ, ನಿಮ್ಮಲ್ಲೂ ಅವೇ. ಮಾಗಿದ ಬಾಳೆಹಣ್ಣಿನ ಮೇಲೆ ಹಾರಾಡುವ ಹಣ್ಣುನೊಣದಲ್ಲೂ ಅವೇ.

ನಿಜಕ್ಕೂ ಹೆಜ್‌ಹಾಗ್ ಮೊದಲು ಸಿಕ್ಕಿದ್ದು ಆ ನೊಣದಲ್ಲೇ. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ ಸಾವಿರಾರು ನೊಣಗಳ ಮರಿಹುಳುಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವ ಜೀನ್ ಕೆಟ್ಟರೆ ಮೈಯ ಯಾವ ಭಾಗ ತಪ್ಪಿ ಬೆಳೆಯುತ್ತದೆ ಎಂದು 1980ರಲ್ಲಿ ಪ್ರಕಟಿಸಿದರು. ಒಂದು ಜೀನ್ ಕೆಟ್ಟ ಮರಿಹುಳುವಿಗೆ ಮೈತುಂಬ ಮುಳ್ಳು ಮುಳ್ಳು. ಹಾಗಾಗಿ ಅದಕ್ಕೆ ಮುಳ್ಳುಮೈಯ ಪುಟ್ಟ ಪ್ರಾಣಿ ಹೆಜ್‌ಹಾಗ್‌ನ ಹೆಸರು. 1995ರಲ್ಲಿ ಅವರಿಬ್ಬರಿಗೂ ಅಮೆರಿಕದ ಎಡ್ವರ್ಡ್ ಲೂಯಿಸ್ ಅವರ ಜೊತೆ ನೊಬೆಲ್ ಬಂತು. ನೊಣ ಎಂದು ಮೂಗು ಮುರಿಯಬೇಡಿ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ಹಣ್ಣುನೊಣಗಳನ್ನು ತಳಿ ತಳಿಯಾಗಿ ಸಾಕುವ ಕೇಂದ್ರವೇ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ ನೊಣದ ಸ್ನಾಯು, ನರಗಳು ಹೇಗೆ ಬೆಳೆಯುತ್ತವೆ ಎಂದು ವರ್ಷಗಟ್ಟಲೆ ಅಧ್ಯಯನ ನಡೆದಿದೆ.

ಈಗ ನಿಮ್ಮ ಕೈಗೆ ಬರೋಣ. ಅಂಗೈ ಮುಂದೆ ಮಾಡಿ ನೋಡಿಕೊಳ್ಳಿ. ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಕಿರುಬೆರಳು. ಎಂದೂ ಅದಲುಬದಲು ಆಗುವುದಿಲ್ಲ. ಅಮ್ಮನ ಹೊಟ್ಟೆಯಲ್ಲಿ ನೀವು ನಾಲ್ಕು ವಾರದವರಾಗಿದ್ದಾಗ ಕೈ ಇರಲಿಲ್ಲ. ಮೈಯ ಪಕ್ಕದಲ್ಲಿ ಒಂದು ಸಣ್ಣ ಉಬ್ಬು ಏಳುತ್ತಿತ್ತು ಅಷ್ಟೇ. ಆ ಉಬ್ಬಿನೊಳಗಿನ ಕೋಶಗಳಿಗೆ ತಾವು ಯಾವ ಬೆರಳಿಗೆ ಸೇರಿದವು ಎಂದು ಗೊತ್ತಾದದ್ದು ಹೇಗೆ?

ಜೂನ್ ಅಂದರೆ ನಮ್ಮ ಕಡೆ ಹಲಸಿನ ಕಾಲವೂ ಹೌದು. ಸಾಲಾಗಿ ಹತ್ತು ಮನೆಗಳಿರುವ ಒಂದು ಕ್ವಾರ್ಟರ್ಸ್ ನೆನೆಸಿಕೊಳ್ಳಿ. ಹತ್ತನೇ ಮನೆಯಲ್ಲಿ ಹಲಸಿನ ಹಣ್ಣು ಕೊಯ್ದರು. ಒಂಬತ್ತನೇ ಮನೆಯವರಿಗೆ ಮೂಗಿಗೆ ಬಡಿಯುವಷ್ಟು ವಾಸನೆ. ಐದನೇ ಮನೆಗೆ ಸುಮಾರಾಗಿ. ಒಂದನೇ ಮನೆಯವರಿಗೆ ಏನೂ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತರೂ, ವಾಸನೆ ಎಷ್ಟಿದೆ ಎನ್ನುವುದರ ಮೇಲೆ ನೀವು ಹಣ್ಣಿನಿಂದ ಎಷ್ಟನೇ ಮನೆಯಲ್ಲಿದ್ದೀರಿ ಎಂದು ಹೇಳಬಹುದು. ಕೈಯ ಉಬ್ಬಿನಲ್ಲಿ ಕಿರುಬೆರಳಿನ ಕಡೆಯ ಅಂಚಿನಲ್ಲಿರುವ ಕೋಶಗಳು ಹೀಗೆಯೇ ಒಂದು ಪ್ರೋಟೀನ್ ಬಿಡುತ್ತವೆ. ಅದು ಹರಡುತ್ತಾ ಹೋದಂತೆ ತೆಳುವಾಗುತ್ತದೆ. ಹೆಚ್ಚು ಸಿಕ್ಕಿದ ಕೋಶಗಳು, ಹೆಚ್ಚು ಹೊತ್ತು ಸಿಕ್ಕಿದ ಕೋಶಗಳು, ಕಿರುಬೆರಳಿನ ಕಡೆಗೆ. ಕಡಿಮೆ ಸಿಕ್ಕಿದವು ತೋರುಬೆರಳಿನ ಕಡೆಗೆ. ಹೆಬ್ಬೆರಳು ಮಾತ್ರ ಒಂದನೇ ಮನೆಯದು, ಅದು ಬೆಳೆಯಲು ಈ ವಾಸನೆಯೇ ಬೇಡ.

ಒಂದನೇ ಮನೆಯಲ್ಲೂ ಇನ್ನೊಂದು ಹಣ್ಣು ಕೊಯ್ದರೆ? ಅಮೆರಿಕದ ಜಾನ್ ಸಾಂಡರ್ಸ್ ಮತ್ತು ಮೇರಿ ಗ್ಯಾಸೆಲಿಂಗ್ ಮಾಡಿದ್ದು ಅದನ್ನೇ. ಕೋಳಿ ಮೊಟ್ಟೆಯೊಳಗಿನ ಭ್ರೂಣದಲ್ಲಿ ರೆಕ್ಕೆಯ ಉಬ್ಬಿನ ಹಿಂದಿನ ಅಂಚಿನ ಚೂರನ್ನು ಇನ್ನೊಂದು ಭ್ರೂಣದ ರೆಕ್ಕೆಯ ಮುಂದಿನ ಅಂಚಿಗೆ ಕೂರಿಸಿದರು. ಕೋಳಿಯ ರೆಕ್ಕೆಯಲ್ಲಿ ಮೂರು ಬೆರಳುಗಳಿರುತ್ತವೆ (ಸಾರಿನಲ್ಲಿ ಸಿಗುವ ರೆಕ್ಕೆಯ ತುದಿಯನ್ನು ಈ ಸಲ ಬಿಡಿಸಿ ನೋಡಿ). ಆ ಮರಿಗೆ ಆರು ಬೆರಳು ಬಂದವು, ಒಂದು ಮಗ್ಗುಲು ಇನ್ನೊಂದರ ಪ್ರತಿಬಿಂಬ. ಎರಡು ಕಡೆಯಿಂದಲೂ ವಾಸನೆ ಬಂದರೆ ನಡುವಿನ ಮನೆಯವರಿಗೆ ಮಾತ್ರ ಕಡಿಮೆ ಅಲ್ಲವೇ? ಅದು 1968. ಆ ಚೂರು ಬಿಡುವ ಪ್ರೋಟೀನ್ ಯಾವುದು ಎಂದು ಗೊತ್ತಾದದ್ದು 1993ರಲ್ಲಿ. ನೊಣದ ಹೆಜ್‌ಹಾಗ್ ಜೀನಿನದೇ ಒಂದು ತಂಗಿ! ವಿಡಿಯೋ ಗೇಮಿನ ನೀಲಿ ಬಣ್ಣದ ಓಟಗಾರನ ಹೆಸರನ್ನೇ ಇಟ್ಟು ಅದನ್ನು 'ಸೋನಿಕ್ ಹೆಜ್‌ಹಾಗ್' ಎಂದು ಕರೆದರು. ಗಂಭೀರವಾದ ಆಸ್ಪತ್ರೆಯ ವರದಿಗಳಲ್ಲೂ ಈಗ ಅದೇ ಹೆಸರು.

ಆಸ್ಪತ್ರೆಯ ಮಾತು ಬಂದದ್ದರಿಂದ ಆರು ಬೆರಳಿನ ವಿಷಯ. ನಿಮ್ಮ ಕ್ಲಾಸಿನಲ್ಲೋ ನೆಂಟರಲ್ಲೋ ಆರು ಬೆರಳಿನವರು ಇರಬಹುದು. ಅದೃಷ್ಟ ಎನ್ನುವವರೂ ಇದ್ದಾರೆ, ಚುಡಾಯಿಸುವವರೂ ಇದ್ದಾರೆ. ಎರಡಕ್ಕೂ ಆಧಾರವಿಲ್ಲ. ಇದಕ್ಕೆ ಕಾರಣಗಳು ಹಲವು. ಹೆಬ್ಬೆರಳಿನ ಪಕ್ಕದಲ್ಲಿ ಇನ್ನೊಂದು ಬೆರಳು ಬರುವ ಕೆಲವು ಮನೆತನಗಳಲ್ಲಿ ಕಾರಣ ಸಿಕ್ಕಿದೆ, ಅದು ಬಹಳ ಸ್ವಾರಸ್ಯದ್ದು. ಆ ಮನೆತನಗಳಲ್ಲಿ ಸೋನಿಕ್ ಹೆಜ್‌ಹಾಗ್ ಜೀನ್ ಸರಿಯಾಗಿಯೇ ಇದೆ. ಜೀನ್‌ಗಳಿರುವ ಡಿಎನ್ಎ ಎಳೆಯನ್ನು ಅಕ್ಷರಗಳ ಉದ್ದನೆಯ ಸಾಲು ಎಂದುಕೊಳ್ಳಿ. ಆ ಜೀನಿನಿಂದ ಸುಮಾರು ಹತ್ತು ಲಕ್ಷ ಅಕ್ಷರಗಳಷ್ಟು ದೂರದಲ್ಲಿ, ಅದೇ ಎಳೆಯ ಮೇಲೆ, ಒಂದು ಪುಟ್ಟ ತುಣುಕಿದೆ. 'ಕೈಯಲ್ಲಿ, ಕಿರುಬೆರಳಿನ ಕಡೆ ಮಾತ್ರ, ಈ ಜೀನ್ ಕೆಲಸ ಮಾಡಲಿ' ಎಂದು ಗೊತ್ತುಮಾಡುವುದು ಆ ತುಣುಕು. ಅದರ ಕೆಲವು ಜಾಗಗಳಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಹೆಬ್ಬೆರಳಿನ ಕಡೆಯೂ ಸ್ವಲ್ಪ ಪ್ರೋಟೀನ್ ಹೊರಡುತ್ತದೆ, ಬೆರಳೊಂದು ಹೆಚ್ಚಾಗುತ್ತದೆ. 2003ರಲ್ಲಿ ಎಡಿನ್‌ಬರೊದ ವಿಜ್ಞಾನಿಗಳು ಇದನ್ನು ತೋರಿಸಿದರು.

ಹಾವಿನ ಕಥೆ ಇದಕ್ಕೆ ಉಲ್ಟಾ. ನಮ್ಮ ಜಿಲ್ಲೆಯ ಆಗುಂಬೆ ಕಾಳಿಂಗ ಸರ್ಪಕ್ಕೆ ಹೆಸರಾದ ಊರು. ಕಾಡಂಚಿನ ಹಳ್ಳಿಗಳಲ್ಲಿ ಹೆಬ್ಬಾವೂ ಅಪರೂಪವಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದೆ ಹಾವಿನ ಪೂರ್ವಜರಿಗೆ ಕಾಲುಗಳಿದ್ದವು. ಹೆಬ್ಬಾವಿನ ಮೈಯಲ್ಲಿ, ಬಾಲ ಶುರುವಾಗುವ ಜಾಗದಲ್ಲಿ, ಎರಡು ಸಣ್ಣ ಕೊಕ್ಕೆಗಳ ರೂಪದಲ್ಲಿ ಹಿಂಗಾಲಿನ ಗುರುತು ಇವತ್ತಿಗೂ ಇದೆ. 2016ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಜ್ಞಾನಿಗಳು ಮೇಲೆ ಹೇಳಿದ ಅದೇ ದೂರದ ತುಣುಕನ್ನು ಇಲಿಯ ಡಿಎನ್ಎಯಿಂದ ತೆಗೆದು, ಆ ಜಾಗಕ್ಕೆ ಹೆಬ್ಬಾವಿನ ತುಣುಕು ಹಾಕಿದರು. ಹುಟ್ಟಿದ ಇಲಿಮರಿಗಳಿಗೆ ಕಾಲುಗಳು ಮೋಟಾಗಿ ನಿಂತಿದ್ದವು. ಹೆಬ್ಬಾವಿನ ತುಣುಕಿನಲ್ಲಿ ಕಳೆದುಹೋಗಿದ್ದ 17 ಅಕ್ಷರಗಳನ್ನು ಮತ್ತೆ ಸೇರಿಸಿ ನೋಡಿದಾಗ ಇಲಿಗೆ ಸರಿಯಾದ ಕಾಲು ಬಂತು. ಹದಿನೇಳೇ ಅಕ್ಷರ.

ಬೆರಳುಗಳು ಬಂದರೂ ಮೊದಮೊದಲು ಬಿಡಿಬಿಡಿಯಾಗಿ ಇರುವುದಿಲ್ಲ, ನಡುವೆ ತೆಳು ಪೊರೆ ಇರುತ್ತದೆ. ಆ ಪೊರೆಯ ಕೋಶಗಳಿಗೆ ಬಿಎಂಪಿ ಬಂದು 'ನಿಮ್ಮ ಕೆಲಸ ಮುಗಿಯಿತು' ಎನ್ನುತ್ತದೆ. ಅವು ಸಾಯುತ್ತವೆ, ಬೆರಳುಗಳು ಬಿಡುತ್ತವೆ. ಹೌದು, ಚರ್ಮವಾಗು ಎಂದಿದ್ದ ಅದೇ ಬಿಎಂಪಿ. ಬಾತುಕೋಳಿಯ ಕಾಲಿನ ಪೊರೆಯಲ್ಲಿ ಗ್ರೆಮ್ಲಿನ್ ಎಂಬ ಇನ್ನೊಂದು ಪ್ರೋಟೀನ್ ಬಿಎಂಪಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಪೊರೆ ಉಳಿಯುತ್ತದೆ, ಬಾತು ಈಜುತ್ತದೆ. ಕೋಳಿ ಭ್ರೂಣದ ಕಾಲಿಗೆ ಗ್ರೆಮ್ಲಿನ್ ಹಾಕಿದರೆ ಅದಕ್ಕೂ ಬಾತಿನ ಪಾದ.

ಒಂದು ಕೋಶ ತಾನು ಎಲ್ಲಿದ್ದೇನೆ ಎಂದು ತಪ್ಪು ತಿಳಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗ ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿದೆ. ಭುವನೇಶ್ವರದ ಉತ್ಕಲ ವಿಶ್ವವಿದ್ಯಾಲಯದಲ್ಲಿ ಪ್ರಿಯಂವದಾ ಮೊಹಾಂತಿ ಹೆಜ್ಮಾಡಿ ಮತ್ತು ಸಂಗಡಿಗರು ಗೊದಮೊಟ್ಟೆಗಳ ಬಾಲ ಕತ್ತರಿಸಿ, ಅವನ್ನು ವಿಟಮಿನ್ ಎ ಬೆರೆಸಿದ ನೀರಿನಲ್ಲಿ ಬಿಟ್ಟರು. ಗೊದಮೊಟ್ಟೆಯ ಬಾಲ ಕಡಿದರೆ ಸಾಮಾನ್ಯವಾಗಿ ಮತ್ತೆ ಬಾಲವೇ ಬೆಳೆಯುತ್ತದೆ. ಈ ಸಲ ಬಾಲದ ಜಾಗದಲ್ಲಿ ಕಾಲುಗಳು ಬೆಳೆದವು! ಬಳಸಿದ್ದು ಮೈ ಉಬ್ಬಿಸಿಕೊಂಡು ಗುಂಡಗಾಗುವ ಒಂದು ಕಪ್ಪೆ. ಕರ್ನಾಟಕದಲ್ಲೂ ಅದು ಇದೆ. 1992ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಬಂತು. ವಿಟಮಿನ್ ಎ ಮೈಯೊಳಗೆ ರೆಟಿನೋಯಿಕ್ ಆಮ್ಲವಾಗುತ್ತದೆ, ಅದೂ ಭ್ರೂಣದ ಒಂದು ಸಂದೇಶವಾಹಕ. ಅದರ ಪ್ರಮಾಣ ವಿಪರೀತ ಹೆಚ್ಚಾದಾಗ ಬಾಲದ ಕೋಶಗಳು ತಾವು ಸೊಂಟದ ಹತ್ತಿರ ಇದ್ದೇವೆ ಎಂದುಕೊಂಡವು, ಸೊಂಟದ ಕೋಶಗಳು ಮಾಡುವ ಕೆಲಸ ಮಾಡಿದವು. ಹೆದರಬೇಡಿ, ಕ್ಯಾರೆಟ್ ಪಲ್ಯ ತಿಂದರೆ ಯಾರಿಗೂ ಹೀಗೆ ಆಗುವುದಿಲ್ಲ.

ಪ್ರಯೋಗಾಲಯದಲ್ಲಿ ಬೇಕೆಂದೇ ಮಾಡಿದ್ದು ಹೊರಗಿನ ಹೊಂಡದಲ್ಲಿ ತಾನಾಗಿಯೇ ಆಗಬಹುದೇ? ಆಗುತ್ತದೆ. 1995ರ ಆಗಸ್ಟ್‌ನಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಶಾಲೆಯ ಮಕ್ಕಳು ಒಂದು ಕೆರೆಯ ಹತ್ತಿರ ಹೋಗಿ ಕಪ್ಪೆ ಹಿಡಿದರು. ಸಿಕ್ಕ ಕಪ್ಪೆಗಳಲ್ಲಿ ಎಷ್ಟೋ ಕಪ್ಪೆಗಳ ಕಾಲು ಸೊಟ್ಟ, ಕೆಲವಕ್ಕೆ ಕಾಲೇ ಇಲ್ಲ. ಮಕ್ಕಳು ಸುಮ್ಮನಿರಲಿಲ್ಲ, ಸರ್ಕಾರಕ್ಕೆ ತಿಳಿಸಿದರು, ದೇಶದ ಬೇರೆ ಕಡೆಗಳಲ್ಲೂ ವಿಜ್ಞಾನಿಗಳು ಹುಡುಕಲು ಹೊರಟರು. ಕೆಲವು ಕಡೆ ಒಂದು ಕಾರಣ ಖಚಿತವಾಗಿ ಸಿಕ್ಕಿತು. ಬಸವನಹುಳುವಿನಿಂದ ಹೊರಟ ಒಂದು ಪರಾವಲಂಬಿ ಹುಳು ಗೊದಮೊಟ್ಟೆಯಲ್ಲಿ ಕಾಲಿನ ಉಬ್ಬು ಏಳುವ ಜಾಗಕ್ಕೇ ಹೊಕ್ಕು ಕೂರುತ್ತದೆ. ಅದು ಕೂತ ಕಡೆ ಕೋಶಗಳು ಚದುರಿ, ಯಾರ ಪಕ್ಕ ಯಾರಿರಬೇಕೋ ಅದು ತಪ್ಪಿ, ಒಂದು ಕಾಲಿನ ಜಾಗದಲ್ಲಿ ಎರಡು ಮೂರು ಕಾಲು ಹೊರಡುತ್ತವೆ. ಹುಳುವೇ ಬೇಕೆಂದಿಲ್ಲ, ಅದಕ್ಕೂ ಮೊದಲೇ, 1990ರಲ್ಲಿ, ಸಣ್ಣ ಮಣಿಗಳನ್ನು ಆ ಜಾಗದಲ್ಲಿ ಇಟ್ಟು ಹೆಚ್ಚುವರಿ ಕಾಲು ಬರಿಸಿ ತೋರಿಸಿದ್ದರು.

ನಮ್ಮ ಕಡೆಯೂ ಇಂಥ ಕಪ್ಪೆಗಳನ್ನು ಹುಡುಕುವ ಕೆಲಸ ನಡೆದಿದೆ, ಅದೂ ಭದ್ರಾವತಿಯಿಂದ 18 ಕಿಲೋಮೀಟರ್ ದೂರದ ಶಂಕರಘಟ್ಟದಲ್ಲಿ. ಅಲ್ಲಿನ ಕುವೆಂಪು ವಿಶ್ವವಿದ್ಯಾಲಯದ ಪರಿಸರ ವಿಜ್ಞಾನದ ಸಂಶೋಧಕರು ಮಲೆನಾಡಿನ ಗದ್ದೆ ತೋಟಗಳ ಕಪ್ಪೆಗಳನ್ನು ಬಹಳ ಕಾಲದಿಂದ ನೋಡುತ್ತಾ ಬಂದಿದ್ದಾರೆ. ಕೃಷಿ ಜಮೀನಿನ ಸಾಮಾನ್ಯ ಕಪ್ಪೆಗಳಲ್ಲಿ ಕಂಡ ಅಂಗವಿಕಾರಗಳ ಬಗ್ಗೆ ಅವರ ಬರಹ 2007ರಲ್ಲಿ ಪ್ರಕಟವಾಯಿತು. ಬೆಳೆಗೆ ಹೊಡೆಯುವ ಮೆಲಥಿಯಾನ್ ಎಂಬ ಕೀಟನಾಶಕ ನೀರಿಗೆ ಸೇರಿದರೆ ಗದ್ದೆಕಪ್ಪೆಯ ಗೊದಮೊಟ್ಟೆಗಳು ಎಷ್ಟು ಬದುಕುತ್ತವೆ, ಎಷ್ಟು ತಿನ್ನುತ್ತವೆ, ಎಷ್ಟು ಬೆಳೆಯುತ್ತವೆ ಎಂದೂ, ಗೊಬ್ಬರದ ನೈಟ್ರೇಟ್ ಹೆಚ್ಚಾದರೆ ಹಳ್ಳದ ಇರುಳುಗಪ್ಪೆಯ ಗೊದಮೊಟ್ಟೆಗಳ ಓಡಾಟ ಏನಾಗುತ್ತದೆ ಎಂದೂ ಅಲ್ಲಿ ಅಳೆದಿದ್ದಾರೆ. ಒಂದು ಸೊಟ್ಟಗಾಲು ಕಂಡ ಕೂಡಲೇ 'ಔಷಧಿ ಹೊಡೆದದ್ದಕ್ಕೇ ಹೀಗಾಯಿತು' ಎಂದು ಹೇಳಿಬಿಡಲು ಬರುವುದಿಲ್ಲ. ಹುಳು ಇರಬಹುದು, ಮೀನು ಕಾಲು ಕಚ್ಚಿರಬಹುದು, ರಾಸಾಯನಿಕ ಇರಬಹುದು. ಆದರೆ ಕಪ್ಪೆಯ ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಚಿಪ್ಪಿಲ್ಲ. ನೀರಿನಲ್ಲಿ ಕರಗಿದ್ದು ಲೋಳೆಯನ್ನು ದಾಟಿ ಭ್ರೂಣಕ್ಕೆ ತಲುಪಬಹುದು, ಅದೂ ಕೋಶಗಳು ಒಂದಕ್ಕೊಂದು ಸಂದೇಶ ಕಳಿಸುತ್ತಿರುವ ಹೊತ್ತಿನಲ್ಲೇ. ಭದ್ರಾ ಕಾಲುವೆಯ ನೀರು ಹರಿಯುವ ಗದ್ದೆಗಳಲ್ಲಿ ಕಪ್ಪೆಗಳನ್ನು ಎಣಿಸುವವರು ಇರಬೇಕಾದದ್ದು ಈ ಕಾರಣಕ್ಕೆ.

ನೀವೂ ಎಣಿಸಬಹುದು. ಮೊಟ್ಟೆಗಳನ್ನು ಮನೆಗೆ ತರಬೇಡಿ. ನಲ್ಲಿ ನೀರಿನ ಕ್ಲೋರಿನ್ ಅವಕ್ಕೆ ಆಗಿಬರುವುದಿಲ್ಲ. ಇದ್ದಲ್ಲೇ ನೋಡಿ. ಕೆಲವೇ ದಿನಗಳಲ್ಲಿ ಮೊಟ್ಟೆಯಿಂದ ಕಪ್ಪನೆಯ ಗೊದಮೊಟ್ಟೆಗಳು ಹೊರಬರುತ್ತವೆ. ಮುಂದಿನ ವಾರಗಳಲ್ಲಿ ಬಾಲದ ಬುಡದಲ್ಲಿ ಹಿಂಗಾಲಿನ ಉಬ್ಬು ಕಾಣುತ್ತದೆ. ಮುಂಗಾಲುಗಳೂ ಬೆಳೆಯುತ್ತಿರುತ್ತವೆ, ಕಿವಿರಿನ ಮುಚ್ಚಳದ ಒಳಗಡೆ ಇರುವುದರಿಂದ ಕಾಣುವುದಿಲ್ಲ. ಕೊನೆಗೆ ಒಂದು ದಿನ ಮೊಣಕೈ ಹೊರಗೆ ತೂರಿಬರುತ್ತದೆ, ಒಂದರ ಹಿಂದೆ ಒಂದು. ಇದೆಲ್ಲಕ್ಕೂ ಅಪ್ಪಣೆ ಕೊಡುವುದು ಥೈರಾಯ್ಡ್ ಗ್ರಂಥಿಯ ಹಾರ್ಮೋನು. 1912ರಲ್ಲಿ ಒಬ್ಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಆ ಗ್ರಂಥಿಯ ಚೂರು ತಿನ್ನಿಸಿದಾಗ ಅವು ಹೊತ್ತಿಗೆ ಮುಂಚೆಯೇ ಪುಟಾಣಿ ಕಪ್ಪೆಗಳಾದವು. ಒಂದೇ ಹಾರ್ಮೋನು ರಕ್ತದಲ್ಲಿ ಮೈಯೆಲ್ಲ ಹರಿಯುತ್ತದೆ. ಅದನ್ನು ಕೇಳಿ ಕಾಲಿನ ಕೋಶಗಳು ಬೆಳೆಯುತ್ತವೆ, ಬಾಲದ ಕೋಶಗಳು ಕರಗುತ್ತವೆ.

ಹೆಚ್ಚಿನ ಗೊದಮೊಟ್ಟೆಗಳಿಗೆ ಉಸಿರಾಡಿದ ನೀರು ಹೊರಹೋಗುವ ಸಣ್ಣ ತೂತು ಎಡಗಡೆ ಮಾತ್ರ ಇರುತ್ತದೆ. ಎಡಗೈ ಆ ತೂತಿನಿಂದ ಸಲೀಸಾಗಿ ಬರಬಹುದು, ಬಲಗೈ ಮುಚ್ಚಳವನ್ನು ಹರಿದುಕೊಂಡೇ ಬರಬೇಕು. ಹಾಗಾದರೆ ನ್ಯೂಟೌನಿನ ಗುಂಡಿಗಳಲ್ಲಿ ಎಡಗೈ ಮೊದಲು ಬಂದ ಗೊದಮೊಟ್ಟೆಗಳು ಎಷ್ಟು, ಬಲಗೈ ಮೊದಲು ಬಂದವು ಎಷ್ಟು? ಒಂದೆರಡು ನೋಡಿ ತೀರ್ಮಾನಕ್ಕೆ ಬರಬೇಡಿ. ಇಪ್ಪತ್ತು ಮೂವತ್ತನ್ನಾದರೂ ನೋಡಿ, ತಾರೀಖು ಹಾಕಿ, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ ಬರೆದುಕೊಂಡು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ. ಬಾಲ ಕರಗುವ ಮುಂಚೆಯೇ ಎಣಿಸಬೇಕು, ಆಮೇಲೆ ಅವು ನಿಮ್ಮ ಕೈಗೆ ಸಿಗುವುದಿಲ್ಲ.